ತಾಳೆ ತೋಟದಿಂದ ಡೇಟಾ ಸೆಂಟರಿಗೆ: ಜೋಹೋರಿನ ಭೂಮಿ ಪೇಟೆಯ ಬಗ್ಗೆ ನಾಲ್ಕು ಮಾತು

ಕಳೆದ ವಾರ್ಷಿಕ ಮಹಾಸಭೆ ಮುಗಿದು ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ ನಮ್ಮ ಇಬ್ಬರು ಸದಸ್ಯರು ಒಂದು ಬಣ್ಣದ ಪುಸ್ತಿಕೆಯನ್ನು ತಂದು ನಮ್ಮ ಮುಂದಿಟ್ಟರು. ಮಲೇಶಿಯಾ ದೇಶದ ಜೋಹೋರ್ ಎಂಬ ರಾಜ್ಯದಲ್ಲಿ ಡೇಟಾ ಸೆಂಟರುಗಳು ಏಳುತ್ತಿವೆಯೆಂದೂ, ಅಲ್ಲಿನ ಭೂಮಿಯಲ್ಲಿ ಐದು ಲಕ್ಷ ರೂಪಾಯಿಯ ಪಾಲು ತೆಗೆದುಕೊಂಡರೆ ವರ್ಷಕ್ಕೆ ನೂರಕ್ಕೆ 14ರಂತೆ ನಿಶ್ಚಿತ ಬಾಡಿಗೆ ಮನೆ ಬಾಗಿಲಿಗೆ ಬರುವುದೆಂದೂ ಅದರಲ್ಲಿ ಅಚ್ಚಾಗಿತ್ತು. ತಂದುಕೊಟ್ಟವರು ಪೇಟೆಯ ಒಬ್ಬ ಮಧ್ಯವರ್ತಿ. 2024-25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದು ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಕೈಯಲ್ಲಿ ಕಾಸಿದ್ದಾಗ ಅಂಗಳಕ್ಕೆ ಬರುವ ನೆಂಟರೂ ಹೆಚ್ಚು. ಒಬ್ಬ ಸದಸ್ಯರು ಆಗಲೇ ಮುಂಗಡ ಕೊಡಲು ನಿರ್ಧರಿಸಿದಂತಿತ್ತು. ಇನ್ನೊಬ್ಬರು, ಅಲ್ಲಿ ತೋಟದ ಬೆಲೆ ಹನ್ನೆರಡು ಪಟ್ಟು ಏರಿರುವಾಗ ನಮ್ಮ ತೋಟಗಳಿಗೂ ಅಂಥ ಕಾಲ ಬರಬಹುದಲ್ಲವೇ ಎಂದು ಕೇಳಿದರು.

ಆ ಕ್ಷಣದಲ್ಲಿ ನಾವು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಓದಿ ತಿಳಿದು ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದೆವು. ಆ ಮಾತಿನಂತೆ ಈ ಲೇಖನ. ಜೋಹೋರಿನ ವಿಷಯ ಸುಳ್ಳಲ್ಲ, ಬೆಲೆ ಏರಿರುವುದೂ ನಿಜ. ಆದರೆ ಯಾರ ಭೂಮಿಗೆ, ಯಾವ ಕಾರಣದಿಂದ ಏರಿತು ಎಂಬುದನ್ನು ಬಿಡಿಸಿ ನೋಡಿದರೆ ಪುಸ್ತಿಕೆಯಲ್ಲಿ ಕಾಣದ ಹಲವು ಸಂಗತಿಗಳು ಕಾಣುತ್ತವೆ.

ಮೊದಲು ಡೇಟಾ ಸೆಂಟರ್ ಎಂದರೇನು ಎಂಬುದು. ಸಾವಿರಾರು ಗಣಕಯಂತ್ರಗಳನ್ನು ಸಾಲುಸಾಲಾಗಿ ಕಪಾಟುಗಳಲ್ಲಿ ಜೋಡಿಸಿ, ಹಗಲೂ ರಾತ್ರಿ ನಿಲ್ಲದಂತೆ ನಡೆಸುವ ಕಟ್ಟಡವಿದು. ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವ ಚಿತ್ರ, ಬ್ಯಾಂಕಿನ ಲೆಕ್ಕ, ಪಹಣಿಯ ದಾಖಲೆ, ಈಚೆಗೆ ಕೃತಕ ಬುದ್ಧಿಮತ್ತೆಯ ಕೆಲಸ, ಎಲ್ಲವೂ ಇಂಥ ಯಾವುದೋ ಕಟ್ಟಡದಲ್ಲಿ ನಡೆಯುತ್ತವೆ. ಕಟ್ಟಡದ ಒಡೆಯನೇ ಬೇರೆ, ಯಂತ್ರದ ಒಡೆಯನೇ ಬೇರೆ ಆಗಿರುವುದು ಸಾಮಾನ್ಯ. ಒಡೆಯನು ಕಟ್ಟಡ, ವಿದ್ಯುತ್, ತಂಪು, ಕಾವಲು ಇಷ್ಟನ್ನು ಒದಗಿಸುತ್ತಾನೆ. ಬಾಡಿಗೆದಾರನು ತನ್ನ ಯಂತ್ರಗಳನ್ನು ತಂದು ಇಡುತ್ತಾನೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಅಂಗಡಿಗೆ, ಆಫೀಸಿಗೆ, ಗೋದಾಮಿಗೆ ನಾವು ಚದರ ಅಡಿಯ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇವೆ. ಡೇಟಾ ಸೆಂಟರಿನ ಬಾಡಿಗೆ ಕಿಲೋವ್ಯಾಟಿನ ಲೆಕ್ಕದಲ್ಲಿ. ಅಂದರೆ ನಿನಗೆ ಇಷ್ಟು ವಿದ್ಯುತ್ತನ್ನು ತಡೆಯಿಲ್ಲದೆ ಕೊಟ್ಟು, ಅದರಿಂದ ಹುಟ್ಟುವ ಬಿಸಿಯನ್ನು ಹೊರಗೆ ಹಾಕಿಕೊಡುತ್ತೇನೆ ಎಂಬುದೇ ಕರಾರು. ಆಲೂಗಡ್ಡೆ ಇಡುವ ಶೀತಲ ಗೃಹವನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿಯೂ ನಾವು ಗೋಡೆಗೆ ಹಣ ಕೊಡುವುದಿಲ್ಲ, ತಂಪಿಗೆ ಕೊಡುತ್ತೇವೆ. ಸಿಂಗಪುರದಲ್ಲಿ ಈ ಬಾಡಿಗೆ ಕಿಲೋವ್ಯಾಟಿಗೆ ತಿಂಗಳಿಗೆ 300 ಅಮೆರಿಕನ್ ಡಾಲರನ್ನು ಮೀರಿದೆ. ಇದು ಲೋಕದಲ್ಲೇ ಅತಿ ಹೆಚ್ಚಿನ ದರಗಳಲ್ಲಿ ಒಂದು. ಯಂತ್ರಗಳು ಉರಿಸಿದ ವಿದ್ಯುತ್ತಿನ ಬಿಲ್ಲು ಸಾಮಾನ್ಯವಾಗಿ ಇದರಿಂದ ಪ್ರತ್ಯೇಕ.

ವಿದ್ಯುತ್ತಿನ ಪ್ರಮಾಣವನ್ನು ನಮ್ಮ ಲೆಕ್ಕಕ್ಕೆ ತಂದುಕೊಳ್ಳೋಣ. 5 ಅಶ್ವಶಕ್ತಿಯ ಒಂದು ಪಂಪ್‌ಸೆಟ್ಟು ಸುಮಾರು 3.7 ಕಿಲೋವ್ಯಾಟ್ ಎಳೆಯುತ್ತದೆ. 100 ಮೆಗಾವ್ಯಾಟಿನ ಒಂದು ಡೇಟಾ ಸೆಂಟರು ಪೂರ್ಣ ಭಾರದಲ್ಲಿ ನಡೆದರೆ, ಅಂಥ 26,000ಕ್ಕೂ ಹೆಚ್ಚು ಪಂಪ್‌ಸೆಟ್ಟುಗಳು ಒಟ್ಟಿಗೆ, ಹಗಲಿರುಳೂ, ಮಳೆಗಾಲ ಬೇಸಿಗೆ ಎನ್ನದೆ ಓಡಿದ ಹಾಗೆ. ದಿನಕ್ಕೆ 24 ಲಕ್ಷ ಯೂನಿಟ್ಟು. ಈಗ ಕಟ್ಟುತ್ತಿರುವವುಗಳಲ್ಲಿ 100 ಮೆಗಾವ್ಯಾಟ್ ದೊಡ್ಡದೆಂದೇನೂ ಎಣಿಕೆಯಲ್ಲ.

ಸಿಂಗಪುರ ಬಾಗಿಲು ಹಾಕಿದ ಕಥೆ

ಏಷ್ಯದ ಈ ಭಾಗದಲ್ಲಿ ಡೇಟಾ ಸೆಂಟರುಗಳಿಗೆ ಮೊದಲಿನಿಂದ ತವರುಮನೆ ಸಿಂಗಪುರ. ಸಮುದ್ರದಡಿಯ ಕೇಬಲ್ಲುಗಳು ಇಪ್ಪತ್ತಕ್ಕೂ ಹೆಚ್ಚು ಅಲ್ಲಿಗೆ ಬಂದು ಸೇರುತ್ತವೆ; ಕಾನೂನು ಗಟ್ಟಿ, ಬ್ಯಾಂಕುಗಳು ಹತ್ತಿರ, ಕರೆಂಟು ಹೋಗುವುದೆಂಬುದಿಲ್ಲ. ಆದರೆ ದೇಶದ ವಿಸ್ತೀರ್ಣವೇ ಸುಮಾರು 735 ಚದರ ಕಿಲೋಮೀಟರ್, ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟು. ವಿದ್ಯುತ್ತಿನಲ್ಲಿ ನೂರಕ್ಕೆ 95 ಪಾಲು ಹೊರಗಿನಿಂದ ತಂದ ಅನಿಲವನ್ನು ಉರಿಸಿ ಮಾಡಿದ್ದು. 2020ರಲ್ಲಿ ಇಡೀ ದೇಶದ ವಿದ್ಯುತ್ತಿನ ನೂರಕ್ಕೆ 7ರಷ್ಟನ್ನು ಡೇಟಾ ಸೆಂಟರುಗಳೇ ನುಂಗಿದವು.

ಇದು ಹೀಗೇ ಬೆಳೆದರೆ ಉಳಿದವರ ಪಾಡೇನು ಎಂದು ಯೋಚಿಸಿದ ಅಲ್ಲಿನ ಸರಕಾರ 2019ರಿಂದ ಹೊಸ ಡೇಟಾ ಸೆಂಟರುಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿತು. ತಡೆ ಸಡಿಲವಾದದ್ದು 2022ರ ಜನವರಿಯಲ್ಲಿ. ಆಗಲೂ ಬೇಕಾದವರಿಗೆಲ್ಲ ಬಾಗಿಲು ತೆರೆಯಲಿಲ್ಲ. 2023ರ ಜುಲೈಯಲ್ಲಿ ಅರ್ಜಿಗಳನ್ನು ಜಾಲಾಡಿ ನಾಲ್ಕೇ ನಾಲ್ಕು ಗುಂಪುಗಳಿಗೆ ಒಟ್ಟು ಸುಮಾರು 80 ಮೆಗಾವ್ಯಾಟನ್ನು ಹಂಚಿದರು. 2024ರ ಮೇ ತಿಂಗಳಲ್ಲಿ, ಮುಂದಿನ ಕೆಲವು ವರ್ಷಗಳಲ್ಲಿ ಕನಿಷ್ಠ 300 ಮೆಗಾವ್ಯಾಟ್ ಹೆಚ್ಚುವರಿ ಕೊಡುವುದಾಗಿ ಪ್ರಕಟಿಸಿದರು. ಆ ಹೊತ್ತಿಗೆ ಅಲ್ಲಿ 70ಕ್ಕೂ ಮಿಕ್ಕಿ ಕೇಂದ್ರಗಳಿದ್ದು ಅವುಗಳ ಒಟ್ಟು ಸಾಮರ್ಥ್ಯ 1,400 ಮೆಗಾವ್ಯಾಟನ್ನು ದಾಟಿತ್ತು.

ಅನುಮತಿಗೆ ಹಾಕಿದ ಷರತ್ತುಗಳೂ ಗಮನಿಸತಕ್ಕವು. ಕಟ್ಟಡಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಯಂತ್ರಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ 1.3ಕ್ಕಿಂತ ಮೇಲಿರಬಾರದು. ಅಂದರೆ ಯಂತ್ರಕ್ಕೆ 100 ಯೂನಿಟ್ ಹೋದರೆ, ತಂಪು ಮಾಡಲು ಮತ್ತು ಇತರ ಖರ್ಚಿಗೆ 30 ಯೂನಿಟ್ಟಿನೊಳಗೇ ಮುಗಿಸಬೇಕು. ಸೆಕೆಯ ದೇಶದಲ್ಲಿ ಇದು ಸುಲಭವಲ್ಲ. ಹಾಗಾಗಿ 2023ರಲ್ಲಿ, ಯಂತ್ರದ ಕೋಣೆಗಳನ್ನು 22 ಡಿಗ್ರಿಯಲ್ಲಿ ಇಡುವ ಬದಲು 26 ಡಿಗ್ರಿಗೆ ಅಥವಾ ಅದಕ್ಕೂ ಮೇಲಕ್ಕೆ ಬಿಡಬಹುದೆಂಬ ಮಾನದಂಡವನ್ನು ಹೊರಡಿಸಿದರು. ಒಂದು ಡಿಗ್ರಿ ಏರಿಸಿದರೆ ತಂಪಿನ ಖರ್ಚಿನಲ್ಲಿ ನೂರಕ್ಕೆ 2ರಿಂದ 5ರಷ್ಟು ಉಳಿತಾಯವಂತೆ.

ಬೇಡಿಕೆ ಇದೆ, ಹೊಸದು ಕಟ್ಟುವಂತಿಲ್ಲ. ಹೀಗಾದಾಗ ಬೆಲೆ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಇದ್ದ ಕಟ್ಟಡಗಳ ಬಾಡಿಗೆ ಏರಿತು. ಖಾಲಿ ಜಾಗ ನೂರಕ್ಕೆ 2ಕ್ಕಿಂತಲೂ ಕೆಳಗಿಳಿಯಿತು. ಒಳಗೆ ಜಾಗ ಸಿಗದವರು ಬೇಲಿಯಾಚೆ ನೋಡತೊಡಗಿದರು.

ಬೇಲಿಯಾಚೆಯ ತೋಟ

ಬೇಲಿಯಾಚೆ ಇದ್ದದ್ದು ಜೋಹೋರ್. ನಡುವೆ ಇರುವುದು ಒಂದು ಕಿರಿದಾದ ಜಲಸಂಧಿ. 1924ರಲ್ಲಿ ತೆರೆದ ಒಂದು ಕಿಲೋಮೀಟರಿನ ಏರಿರಸ್ತೆ ಎರಡನ್ನೂ ಜೋಡಿಸುತ್ತದೆ. ರಾಜಧಾನಿ ಜೋಹೋರ್ ಬಾರುವಿನಿಂದ ಉತ್ತರಕ್ಕೆ 30 ಕಿಲೋಮೀಟರ್ ಹೋದರೆ ಕುಲಾಯಿ ಎಂಬ ಜಿಲ್ಲೆ. ಅಲ್ಲಿ ನೋಡಿದತ್ತ ಎಣ್ಣೆತಾಳೆ. ಅದಕ್ಕೂ ಮುಂಚೆ ರಬ್ಬರ್ ಇದ್ದ ನಾಡು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, ಕುಲಾಯಿಯಲ್ಲಿಟ್ಟ ಯಂತ್ರ ಸಿಂಗಪುರದ ಪ್ರಶ್ನೆಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟರಲ್ಲೇ ಉತ್ತರ ಕೊಡಬಲ್ಲದು. ಯಂತ್ರ ಪಕ್ಕದ ಬೀದಿಯಲ್ಲಿದೆಯೋ ಪಕ್ಕದ ದೇಶದಲ್ಲಿದೆಯೋ ಬಳಸುವವನಿಗೆ ಗೊತ್ತೇ ಆಗುವುದಿಲ್ಲ.

2021ರಲ್ಲಿ ಜೋಹೋರಿನಲ್ಲಿ ಇದ್ದದ್ದು ಹತ್ತು ಮೆಗಾವ್ಯಾಟಿನಷ್ಟು. 2024ರ ಹೊತ್ತಿಗೆ ನಡೆಯುತ್ತಿರುವುದು, ಕಟ್ಟುತ್ತಿರುವುದು, ಕಟ್ಟಲು ಯೋಜಿಸಿರುವುದು ಎಲ್ಲ ಸೇರಿ ಸಾವಿರ ಮೆಗಾವ್ಯಾಟನ್ನು ಮೀರಿತು.

ಈಗ ಭೂಮಿಯ ಬೆಲೆಗೆ ಬರೋಣ. ಕುಲಾಯಿಯಲ್ಲಿ ಬೂಸ್ಟೆಡ್ ಪ್ಲಾಂಟೇಶನ್ಸ್ ಎಂಬ ತೋಟದ ಕಂಪೆನಿಗೆ ಕುಲಾಯಿ ಯಂಗ್ ಎಸ್ಟೇಟ್ ಎಂಬ 664 ಹೆಕ್ಟೇರಿನ ತಾಳೆ ತೋಟವಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 1,640 ಎಕರೆ. 2021ರಲ್ಲಿ ಇದನ್ನು ವೈ.ಟಿ.ಎಲ್. ಪವರ್ ಬಳಗದ ಒಂದು ಕಂಪೆನಿ 42 ಕೋಟಿ 88 ಲಕ್ಷ ರಿಂಗಿಟ್‌ಗೆ ಕೊಂಡಿತು. ಎಕರೆಗೆ ಸುಮಾರು 2 ಲಕ್ಷ 61 ಸಾವಿರ ರಿಂಗಿಟ್ ಬಿತ್ತು. ಆಗಿನ ವಿನಿಮಯದಲ್ಲಿ ಒಂದು ರಿಂಗಿಟ್‌ಗೆ 18 ರೂಪಾಯಿ ಎಂದಿಟ್ಟುಕೊಂಡರೆ ಎಕರೆಗೆ 47 ಲಕ್ಷ ರೂಪಾಯಿ. 2022ರಲ್ಲಿ ಅಲ್ಲಿ 500 ಮೆಗಾವ್ಯಾಟಿನ ಡೇಟಾ ಸೆಂಟರ್ ವಠಾರಕ್ಕೆ ಭೂಮಿಪೂಜೆಯಾಯಿತು. 2023ರ ಡಿಸೆಂಬರಿನಲ್ಲಿ ಎನ್‌ವಿಡಿಯಾ ಕಂಪೆನಿಯ ಜೊತೆ ಸೇರಿ 430 ಕೋಟಿ ಡಾಲರಿನ ಕೃತಕ ಬುದ್ಧಿಮತ್ತೆಯ ಕೇಂದ್ರದ ಪ್ರಕಟಣೆ ಬಂತು.

ಇನ್ನೊಂದು ವ್ಯವಹಾರ 2024ರ ಜೂನಿನದು. ಅದೇ ಕುಲಾಯಿಯಲ್ಲಿ ಇಕೋ ವರ್ಲ್ಡ್ ಎಂಬ ಬಡಾವಣೆ ಕಂಪೆನಿ 123 ಎಕರೆಯನ್ನು ಮೈಕ್ರೋಸಾಫ್ಟಿನ ಬಳಗಕ್ಕೆ ಮಾರಿತು. ಬೆಲೆ 40 ಕೋಟಿ 23 ಲಕ್ಷ ರಿಂಗಿಟ್. ಚದರ ಅಡಿಗೆ 75 ರಿಂಗಿಟ್. ಎಕರೆಗೆ 32 ಲಕ್ಷ 67 ಸಾವಿರ. ರೂಪಾಯಿಯಲ್ಲಿ 5 ಕೋಟಿ 88 ಲಕ್ಷದ ಸುಮಾರು. ಪುಸ್ತಿಕೆಯವರ ಹನ್ನೆರಡು ಪಟ್ಟು ಎಲ್ಲಿಂದ ಬಂತೆಂದು ಈ ಎರಡು ವ್ಯವಹಾರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ.

ಆದರೆ ಇವೆರಡೂ ಒಂದೇ ಪದಾರ್ಥವಲ್ಲ. ಮೊದಲನೆಯದು ತಾಳೆ ಮರ ನಿಂತಿದ್ದ ತೋಟ. ಎರಡನೆಯದು ಕೈಗಾರಿಕೆಗೆಂದು ಅಣಿಮಾಡುವ ನಿವೇಶನ. ಮಲೇಶಿಯಾದ ಕಾಯ್ದೆಯಲ್ಲಿ ಹಕ್ಕುಪತ್ರದ ಮೇಲೆಯೇ ಭೂಮಿ ಕೃಷಿಗೋ, ಕಟ್ಟಡಕ್ಕೋ, ಕೈಗಾರಿಕೆಗೋ ಎಂದು ಬರೆದಿರುತ್ತದೆ. ಬದಲಾಯಿಸಲು ರಾಜ್ಯ ಸರಕಾರಕ್ಕೆ ಅರ್ಜಿ ಹಾಕಿ ಶುಲ್ಕ ತೆರಬೇಕು. ಆಮೇಲೆ ನೆಲ ಸಮ ಮಾಡಬೇಕು, ರಸ್ತೆ ಬೇಕು, ನೀರಿನ ಕೊಳವೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಭಾರಿ ವಿದ್ಯುತ್ ಉಪಕೇಂದ್ರದಿಂದ ಇಷ್ಟು ಮೆಗಾವ್ಯಾಟ್ ಕೊಡುತ್ತೇವೆಂಬ ಕಾಗದ ಬೇಕು. ಆ ಕಾಗದವಿಲ್ಲದ ಭೂಮಿಗೆ ಡೇಟಾ ಸೆಂಟರಿನವರ ದೃಷ್ಟಿಯಲ್ಲಿ ತಾಳೆಯ ಬೆಲೆಯಷ್ಟೇ. ತಮ್ಮ ತೋಟವನ್ನೇ ಡಾಲರುಗಳು ಹುಡುಕಿಕೊಂಡು ಬಂದವೆಂದು ಎಣಿಸುವುದು ತಪ್ಪು. ಅವು ಹುಡುಕಿದ್ದು ವಿದ್ಯುತ್ತನ್ನು, ಭೂಮಿ ಅದರ ಬದಿಯಲ್ಲಿತ್ತು.

ಕೊಳ್ಳುವವರು ಇಷ್ಟು ಬೆಲೆಯನ್ನು ಮುಖ ಸಿಂಡರಿಸದೆ ಹೇಗೆ ಕೊಡುತ್ತಾರೆ? ಒಂದು ಮೆಗಾವ್ಯಾಟಿನ ಡೇಟಾ ಸೆಂಟರ್ ಕಟ್ಟಲು, ಒಳಗಿಡುವ ಗಣಕಯಂತ್ರಗಳನ್ನು ಬಿಟ್ಟು, ಸುಮಾರು ಒಂದು ಕೋಟಿ ಡಾಲರ್ ಎಂಬುದು ಈ ವ್ಯವಹಾರದಲ್ಲಿ ಬಾಯಿಲೆಕ್ಕ. 123 ಎಕರೆಯಲ್ಲಿ 200 ಮೆಗಾವ್ಯಾಟ್ ಕಟ್ಟುತ್ತಾರೆಂದು ಉದಾಹರಣೆಗೆ ಇಟ್ಟುಕೊಂಡರೆ ಖರ್ಚು 200 ಕೋಟಿ ಡಾಲರ್. ಭೂಮಿಗೆ ಕೊಟ್ಟದ್ದು ಸುಮಾರು ಎಂಟೂವರೆ ಕೋಟಿ ಡಾಲರ್. ನೂರಕ್ಕೆ ನಾಲ್ಕರಷ್ಟು. ಕಾಫಿ ತುಂಬುವ ಗೋಣಿಚೀಲದ ಬೆಲೆ ದುಪ್ಪಟ್ಟಾದರೆ ರಫ್ತುದಾರ ಕಾಫಿ ಕೊಳ್ಳುವುದನ್ನು ಬಿಡುತ್ತಾನೆಯೇ? ಹಾಗೆಯೇ ಇದು.

ಮಾರಿದವರು ಯಾರು ಎಂಬುದನ್ನೂ ನೋಡಿ. ನಾವು ಹೇಳಿದ ಎರಡು ವ್ಯವಹಾರಗಳಲ್ಲೂ ಮಾರಿದವರು ಕಂಪೆನಿಗಳು. ಮಲೇಶಿಯಾದಲ್ಲಿ ನಮ್ಮಂಥ ಸಣ್ಣ ಹಿಡುವಳಿದಾರರೂ ಬೇಕಾದಷ್ಟು ಇದ್ದಾರೆ; 1956ರಲ್ಲಿ ಸ್ಥಾಪನೆಯಾದ ಫೆಲ್ಡಾ ಎಂಬ ಸಂಸ್ಥೆ ಭೂರಹಿತರಿಗೆ ತಲಾ ಹತ್ತು ಎಕರೆಯಷ್ಟು ರಬ್ಬರ್ ಅಥವಾ ತಾಳೆ ತೋಟ ಮಾಡಿಕೊಟ್ಟು ನೆಲೆಗೊಳಿಸಿತು. ಕುಲಾಯಿ ಜಿಲ್ಲೆಯಲ್ಲೂ ಅಂಥ ವಸತಿಯುಂಟು. ಆದರೆ ಡೇಟಾ ಸೆಂಟರಿನವನಿಗೆ ಬೇಕಾದುದು ಒಂದೇ ಹಕ್ಕುಪತ್ರದಲ್ಲಿ ನೂರಾರು ಎಕರೆ ಒತ್ತಟ್ಟಿಗೆ. ಹತ್ತೆಕರೆಯ ಇಪ್ಪತ್ತು ಮಂದಿಯನ್ನು ಒಂದು ಮೇಜಿಗೆ ಕೂರಿಸಿ ಒಪ್ಪಿಸುವ ತಾಳ್ಮೆ ಅವನಿಗಿಲ್ಲ. ನಮ್ಮಲ್ಲಿ ಒಂದು ತೋಡಿನ ಕಟ್ಟದ ವಿಷಯಕ್ಕೆ ಐದು ಮನೆಯವರನ್ನು ಸೇರಿಸುವುದು ಎಷ್ಟು ಕಷ್ಟವೆಂದು ಈ ಸಂಘದ ಕಾರ್ಯದರ್ಶಿಗಳಾಗಿ ನಮಗೆ ಗೊತ್ತಿದೆ!

ಊರಿಗೆ ಬಂದವಳು ನೀರಿಗೆ ಬಾರದಿರುವಳೇ

ಜೋಹೋರಿನಲ್ಲಿ ಮೊದಲ ಎರಡು ಮೂರು ವರ್ಷ ಎಲ್ಲರಿಗೂ ಸ್ವಾಗತ. ಆಮೇಲೆ ನೀರಿನ ಮಾತು ಬಂತು. ಗಣಕಯಂತ್ರಕ್ಕೆ ಹೋದ ವಿದ್ಯುತ್ತೆಲ್ಲ ಕಡೆಗೆ ಬಿಸಿಯೇ ಆಗುತ್ತದೆ. ಆ ಬಿಸಿಯನ್ನು ಹೊರಹಾಕುವ ಅಗ್ಗದ ದಾರಿ ನೀರನ್ನು ಆವಿ ಮಾಡುವುದು. ಒಂದು ಲೀಟರ್ ನೀರು ಆವಿಯಾಗುವಾಗ ಯೂನಿಟ್ಟಿನ ಮೂರನೇ ಎರಡು ಪಾಲಿನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಈ ಲೆಕ್ಕದಲ್ಲಿ 100 ಮೆಗಾವ್ಯಾಟಿನ ಬಿಸಿಯನ್ನು ಪೂರ್ತಿ ನೀರಿನಿಂದಲೇ ತಣಿಸಿದರೆ ದಿನಕ್ಕೆ 36 ಲಕ್ಷ ಲೀಟರ್ ಗಾಳಿಗೆ ಹೋಯಿತು. ನೀರನ್ನು ಸುತ್ತಿಸಿ ಸುತ್ತಿಸಿ ಬಳಸುವ, ಗಾಳಿಯಿಂದ ತಣಿಸುವ ವಿಧಾನಗಳೂ ಇವೆ. ಅವುಗಳಲ್ಲಿ ನೀರು ಉಳಿಯುತ್ತದೆ, ಕರೆಂಟು ಹೆಚ್ಚು ಹೋಗುತ್ತದೆ.

ಜೋಹೋರಿನ ನೀರಿಗೆ ಹಳೆಯ ಇತಿಹಾಸವೇ ಇದೆ. 1962ರ ಒಪ್ಪಂದದಂತೆ ಸಿಂಗಪುರವು ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರನ್ನು, ಸಾವಿರ ಗ್ಯಾಲನ್ನಿಗೆ 3 ಸೆನ್ ದರದಲ್ಲಿ ಎತ್ತಬಹುದು. ಸೆನ್ ಎಂದರೆ ರಿಂಗಿಟ್ಟಿನ ನೂರನೇ ಒಂದು ಭಾಗ. ಒಪ್ಪಂದ 2061ರವರೆಗೆ. ಶುದ್ಧಮಾಡಿದ ನೀರಿನಲ್ಲಿ ಒಂದಿಷ್ಟನ್ನು ಜೋಹೋರ್ ಮರಳಿ 50 ಸೆನ್‌ಗೆ ಕೊಳ್ಳುತ್ತದೆ. ಅರವತ್ತು ವರ್ಷ ಹಿಂದೆ ದರ ಗೊತ್ತುಮಾಡಿ ಸಹಿ ಹಾಕಿದವರು ಇಂದಿನ ಪರಿಸ್ಥಿತಿಯನ್ನು ಊಹಿಸಿರಲಾರರು. ನೀರನ್ನು ಕೊಟ್ಟದ್ದಾಯಿತು, ಈಗ ನೀರು ಕುಡಿಯುವ ಕಟ್ಟಡಗಳೂ ಇತ್ತ ಕಡೆಗೇ ಬಂದವು.

2024ರಲ್ಲಿ ಜೋಹೋರ್ ಸರಕಾರ ಅರ್ಜಿಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಆ ವರ್ಷದ ನವೆಂಬರ್ ಹೊತ್ತಿಗೆ ಬಂದ ಅರ್ಜಿಗಳಲ್ಲಿ ನೂರಕ್ಕೆ ಸುಮಾರು 30ನ್ನು ತಿರಸ್ಕರಿಸಿದ್ದರು. ಕುಡಿಯುವ ನೀರಿನ ಬದಲು ಸಂಸ್ಕರಿಸಿದ ಕೊಳಚೆ ನೀರನ್ನು ಬಳಸಿ ಎಂಬ ಒತ್ತಾಯವೂ ಬಂದಿದೆ. ಭೂಮಿ ಕೊಂಡವರಿಗೆಲ್ಲ ಅನುಮತಿ ಸಿಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಅನುಮತಿ ಸಿಗದವನ ಭೂಮಿಯ ಪಾಲನ್ನು ಯಾರಿಗೆ ಮಾರುತ್ತಾರೆ ಎಂಬ ಪ್ರಶ್ನೆ ನಮ್ಮ ಸದಸ್ಯರು ಪುಸ್ತಿಕೆಯವರನ್ನು ಕೇಳಬೇಕಾದದ್ದು.

ಇನ್ನು ಕೆಲಸದ ವಿಷಯ. ಕಟ್ಟುವಾಗ ಸಾವಿರಾರು ಕೂಲಿ. ಕಟ್ಟಿದ ಮೇಲೆ ಕೆಲವು ಡಜನ್ ಮಂದಿ ಸಾಕು. 1,600 ಎಕರೆ ತಾಳೆ ತೋಟದಲ್ಲಿ ಅದಕ್ಕಿಂತ ಹೆಚ್ಚು ಜನ ವರ್ಷವಿಡೀ ದುಡಿಯುತ್ತಾರೆ.

ಬಾಡಿಗೆ ಎಷ್ಟು ಗಟ್ಟಿ?

ನಿಶ್ಚಿತ ಬಾಡಿಗೆ ಎಂಬ ಮಾತಿಗೆ ಬರೋಣ. ಮೂರು ಕಡೆಯಿಂದ ಈ ಬಾಡಿಗೆ ಅಲ್ಲಾಡಬಹುದು.

ಬಾಡಿಗೆದಾರನೇ ಕೈಕೊಡಬಹುದು. ಸಿಂಗಪುರದ ಷೇರುಪೇಟೆಯಲ್ಲಿ ಕೆಪೆಲ್ ಡಿ.ಸಿ. ರೀಟ್ ಎಂಬ ಸಂಸ್ಥೆಯಿದೆ. 2014ರ ಡಿಸೆಂಬರಿನಲ್ಲಿ ಪಟ್ಟಿಗೆ ಬಂದ ಇದು, ಡೇಟಾ ಸೆಂಟರುಗಳನ್ನಷ್ಟೇ ಕೊಂಡು ಬಾಡಿಗೆ ಹಂಚುವ ಏಷ್ಯದ ಮೊದಲ ಸಂಸ್ಥೆ. ಹೆಸರುವಾಸಿ, ಲೆಕ್ಕಪತ್ರ ಚೊಕ್ಕ. ಅಂಥದಕ್ಕೂ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕೊಂಡ ಕಟ್ಟಡಗಳ ಬಾಡಿಗೆದಾರ 2023ರಲ್ಲಿ ಬಾಕಿ ಉಳಿಸಿದ. 2024ರ ಜನವರಿಯಲ್ಲಿ ಆ ನಷ್ಟದ ಲೆಕ್ಕ ಪ್ರಕಟವಾದಾಗ ಘಟಕಗಳ ಬೆಲೆ ಇಳಿಯಿತು. ಎಲ್ಲವನ್ನೂ ಬಹಿರಂಗಪಡಿಸಲೇಬೇಕಾದ ಸಂಸ್ಥೆಯಾದ್ದರಿಂದ ಹೂಡಿದವರಿಗೆ ವಿಷಯವಾದರೂ ತಿಳಿಯಿತು.

ಎರಡನೆಯದು ಬಡ್ಡಿ. ಬಾಡಿಗೆಯ ಆಸ್ತಿಗಳೆಲ್ಲ ಸಾಲದ ಮೇಲೆ ನಿಂತಿರುತ್ತವೆ. ಅಮೆರಿಕದ ಕೇಂದ್ರ ಬ್ಯಾಂಕು 2022ರ ಮಾರ್ಚಿನಲ್ಲಿ ಸೊನ್ನೆಯ ಹತ್ತಿರವಿದ್ದ ಬಡ್ಡಿಯನ್ನು 2023ರ ಜುಲೈ ಹೊತ್ತಿಗೆ ನೂರಕ್ಕೆ 5ರ ಮೇಲಕ್ಕೆ ಒಯ್ದಾಗ ಸಿಂಗಪುರದ ಇಂಥ ಸಂಸ್ಥೆಗಳ ಘಟಕಗಳೆಲ್ಲ ಕುಗ್ಗಿದವು. ಕಟ್ಟಡವೂ ಅದೇ, ಬಾಡಿಗೆದಾರನೂ ಅವನೇ. ವಾಷಿಂಗ್ಟನ್ನಿನಲ್ಲಿ ಒಂದು ಸಭೆ ಕೂತದ್ದಕ್ಕೆ ಇಲ್ಲಿ ಬೆಲೆ ಬಿತ್ತು. ಲಂಡನ್ನಿನ ರೊಬಸ್ಟಾ ಧಾರಣೆ ನೋಡಿ ಹಾಸಿಗೆಯಿಂದ ಏಳುವ ನಮಗೆ ಇದು ಹೊಸತಲ್ಲ.

ಮೂರನೆಯದು ರಾಜಕೀಯ. ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್ಪುಗಳು ಅಮೆರಿಕದ ಕಂಪೆನಿಗಳವು. 2025ರ ಜನವರಿಯಲ್ಲಿ ಅಮೆರಿಕ ಸರಕಾರ ಮಲೇಶಿಯಾವೂ ಸೇರಿ ಹಲವು ದೇಶಗಳಿಗೆ ಇಂಥ ಚಿಪ್ಪುಗಳ ಮಿತಿ ಗೊತ್ತುಪಡಿಸುವ ನಿಯಮ ಹೊರಡಿಸಿತು. ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಜುಲೈಯಲ್ಲಿ ಮಲೇಶಿಯಾವೇ ತನ್ನ ಮೂಲಕ ಅಮೆರಿಕದ ಚಿಪ್ಪುಗಳು ಹೊರಹೋಗಲು ಪರವಾನಗಿ ಬೇಕೆಂದಿತು. ಆರು ತಿಂಗಳಲ್ಲಿ ಮೂರು ಸಲ ನಿಯಮ ಹೊರಳಿತು. ಅದೇ 2025ರ ಜನವರಿ 7ರಂದು ಮಲೇಶಿಯಾ ಮತ್ತು ಸಿಂಗಪುರ ಸೇರಿ ಜೋಹೋರ್-ಸಿಂಗಪುರ ವಿಶೇಷ ಆರ್ಥಿಕ ವಲಯದ ಒಪ್ಪಂದಕ್ಕೆ ಸಹಿ ಹಾಕಿದವು ಎಂಬುದನ್ನೂ ಹೇಳಬೇಕು. ಎಲ್ಲವೂ ಅಪಶಕುನವೇ ಅಲ್ಲ. ದೊಡ್ಡ ಹಣಕ್ಕೆ ಇನ್ನೂ ಈ ವ್ಯವಹಾರದಲ್ಲಿ ನಂಬಿಕೆಯಿದೆ. ಜೋಹೋರಿನಲ್ಲೂ ಕೇಂದ್ರವಿರುವ ಏರ್‌ಟ್ರಂಕ್ ಎಂಬ ಆಸ್ಟ್ರೇಲಿಯದ ಕಂಪೆನಿಯನ್ನು 2024ರಲ್ಲಿ ಬ್ಲಾಕ್‌ಸ್ಟೋನ್ ಮುಂತಾದವರು 2,400 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ಲೆಕ್ಕದಲ್ಲಿ ಕೊಂಡರು.

ಇದೇ ಕಾಲದಲ್ಲಿ ಏಷ್ಯದ ಉಳಿದ ವಾಣಿಜ್ಯ ಕಟ್ಟಡಗಳ ಸ್ಥಿತಿ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಹಾಂಗ್‌ಕಾಂಗ್‌ನ ನಡುಪೇಟೆಯ ಆಫೀಸು ಬಾಡಿಗೆ 2019ರಿಂದ ಮೂರನೇ ಒಂದು ಭಾಗಕ್ಕೂ ಮೀರಿ ಇಳಿದಿದೆ. ನಮ್ಮ ಬೆಂಗಳೂರಿನಲ್ಲಿ 20 ಕೋಟಿ ಚದರ ಅಡಿಗೂ ಹೆಚ್ಚು ಆಫೀಸು ಜಾಗವಿದ್ದು ಹೊರದೇಶದ ಕಂಪೆನಿಗಳು ಇನ್ನೂ ಹಿಡಿಯುತ್ತಲೇ ಇವೆ. ಜಪಾನಿನಲ್ಲಿ ಟೋಕಿಯೋ ಬಳಿಯ ಇಂಜಾಯಿ ಎಂಬ ಊರು, ನೆಲ ಗಟ್ಟಿಯೆಂಬ ಕಾರಣಕ್ಕೆ ಡೇಟಾ ಸೆಂಟರುಗಳ ಊರೇ ಆಗಿಹೋಗಿದೆ.

ಭಾರತದಲ್ಲಿ ಈ ಕೇಂದ್ರಗಳಲ್ಲಿ ಅರ್ಧದಷ್ಟು ಮುಂಬಯಿ, ನವಿ ಮುಂಬಯಿಗಳಲ್ಲಿವೆ, ಅನಂತರ ಚೆನ್ನೈ. ಎರಡೂ ಕೇಬಲ್ಲು ದಡಕ್ಕೆ ಬರುವ ಊರುಗಳು. 2025ರ ಅಕ್ಟೋಬರಿನಲ್ಲಿ ಗೂಗಲ್ ಕಂಪೆನಿ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಅದೂ ಕಡಲ ತಡಿಯೇ. ನಮ್ಮ ರಾಜ್ಯ ಸರಕಾರವೂ 2022ರಿಂದ 2027ರವರೆಗಿನ ಡೇಟಾ ಸೆಂಟರ್ ನೀತಿಯನ್ನು ಹೊರಡಿಸಿದೆ. ಹಾಗೆಂದು ಏರುಪೇರಿನ, ವರ್ಷಕ್ಕೆ ನೂರಿಂಚು ಮಳೆ ಹೊಯ್ಯುವ, ಗಾಳಿ ಬಂದರೆ ಎರಡು ದಿನ ಕರೆಂಟಿಲ್ಲದ ನಮ್ಮ ಗುಡ್ಡದ ತೋಟಗಳನ್ನು ಹುಡುಕಿಕೊಂಡು ಯಾರೂ ಬರಲಾರರು ಎಂದೇ ನಮ್ಮ ಅಭಿಪ್ರಾಯ. ಎರಡನೆಯ ಸದಸ್ಯರ ಪ್ರಶ್ನೆಗೆ ಇದು ಉತ್ತರ.

ಪುಸ್ತಿಕೆಯ ಕಾಗದ

ಮೊದಲನೆಯವರ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಬಾಡಿಗೆ ಬರುವ ದೊಡ್ಡ ಕಟ್ಟಡಗಳಲ್ಲಿ ಸಣ್ಣ ಪಾಲು ಕೊಳ್ಳಲು ನಮ್ಮ ದೇಶದಲ್ಲೇ ಕ್ರಮಬದ್ಧವಾದ ದಾರಿಗಳಿವೆ. ರೀಟ್ ಎಂಬ ನ್ಯಾಸಗಳು ಸೆಬಿಯಲ್ಲಿ ನೋಂದಣಿಯಾಗಿ ಷೇರುಪೇಟೆಯಲ್ಲಿ ಮಾರಾಟವಾಗುತ್ತವೆ. ಮೊದಲನೆಯದು, ಎಂಬೆಸಿ ಆಫೀಸ್ ಪಾರ್ಕ್ಸ್, 2019ರಲ್ಲಿ ಬಂದದ್ದು. ಅದರ ಕಟ್ಟಡಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲೇ ಇವೆ. ಇವುಗಳ ಆಸ್ತಿಯಲ್ಲಿ ನೂರಕ್ಕೆ 80 ಪಾಲು ಕಟ್ಟಿ ಮುಗಿದು ಬಾಡಿಗೆ ಬರುತ್ತಿರುವಂಥದೇ ಆಗಿರಬೇಕು. ಹಂಚಬಹುದಾದ ಹಣದಲ್ಲಿ ನೂರಕ್ಕೆ 90ನ್ನು ಹಂಚಲೇಬೇಕು. 2024ರ ಮಾರ್ಚಿನಿಂದ ಸಣ್ಣ ಮತ್ತು ಮಧ್ಯಮ ರೀಟ್‌ಗಳಿಗೂ ನಿಯಮ ಬಂದಿದೆ. ಒಂದು ಯೋಜನೆಯ ಆಸ್ತಿ 50 ಕೋಟಿಯಿಂದ 500 ಕೋಟಿ ರೂಪಾಯಿಯ ಒಳಗಿರಬೇಕು, ಒಬ್ಬರ ಹೂಡಿಕೆ 10 ಲಕ್ಷಕ್ಕೆ ಕಡಿಮೆ ಇರಬಾರದು. ಈ ಯಾವುದರಲ್ಲೂ ನಿಶ್ಚಿತ ನೂರಕ್ಕೆ 14 ಎಂಬ ಭರವಸೆ ಇಲ್ಲ.

ಹೊರದೇಶದಲ್ಲಿ ಆಸ್ತಿ ಕೊಳ್ಳುವುದೂ ನಿಷಿದ್ಧವಲ್ಲ. ರಿಜರ್ವ್ ಬ್ಯಾಂಕಿನ ಯೋಜನೆಯಂತೆ ಒಬ್ಬರು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ತಮ್ಮ ಹೆಸರಿನಲ್ಲಿ, ತಮ್ಮ ಬ್ಯಾಂಕಿನ ಮೂಲಕ ಕಳಿಸಬಹುದು. ಆದರೆ ಮಲೇಶಿಯಾದಲ್ಲಿ ಹೊರದೇಶದವರು ಭೂಮಿ ಕೊಳ್ಳಲು ಅಲ್ಲಿನ ರಾಜ್ಯ ಸರಕಾರದ ಒಪ್ಪಿಗೆ ಬೇಕು. ನಮ್ಮ ಸದಸ್ಯರಿಗೆ ತೋರಿಸಿದ ಕಾಗದದಲ್ಲಿ ಹಣ ಹೋಗುವುದು ಇಲ್ಲಿಯದೇ ಒಂದು ಖಾಸಗಿ ಖಾತೆಗೆ. ಹಕ್ಕುಪತ್ರದ ಸಂಖ್ಯೆಯಿಲ್ಲ. ಭೂಮಿ ಕೃಷಿಯದೋ ಕೈಗಾರಿಕೆಯದೋ ಎಂಬ ಉಲ್ಲೇಖವಿಲ್ಲ. ವಿದ್ಯುತ್ ಕೊಡುವ ಒಪ್ಪಿಗೆಯ ಮಾತಿಲ್ಲ. ಸೆಬಿಯ ನೋಂದಣಿ ಸಂಖ್ಯೆ ಇರಬೇಕಾದ ಕಡೆ ಒಂದು ಸೂರ್ಯೋದಯದ ಚಿತ್ರವಿದೆ. ಹಲವರಿಂದ ಹಣ ಕೂಡಿಸಿ, ಆಸ್ತಿಯನ್ನು ತಾವೇ ನಡೆಸಿ, ಲಾಭ ಹಂಚುತ್ತೇವೆ ಎನ್ನುವವರು ಸೆಬಿಯಲ್ಲಿ ನೋಂದಾಯಿಸದೆ ಹಾಗೆ ಮಾಡುವಂತಿಲ್ಲ. 1990ರ ದಶಕದಲ್ಲಿ ತೇಗದ ಸಸಿಗೆ ಸಾವಿರ ರೂಪಾಯಿ ಕಟ್ಟಿ ಇಪ್ಪತ್ತು ವರ್ಷಕ್ಕೆ ಐವತ್ತು ಸಾವಿರ ಎಣಿಸಿದವರು ಈ ಪತ್ರಿಕೆಯ ಓದುಗರಲ್ಲೇ ಇದ್ದಾರೆ. ಅಂಥ ಯೋಜನೆಗಳ ಹಾವಳಿಯ ನಂತರವೇ 1999ರಲ್ಲಿ ಸಾಮೂಹಿಕ ಹೂಡಿಕೆಯ ನಿಯಮಗಳು ಬಂದವು. ಮರ ಗೊತ್ತಿದ್ದ ನಾವೇ ಆಗ ಮರದ ವಿಷಯದಲ್ಲಿ ಮೋಸಹೋದೆವು.

ಸದರಿ ಸದಸ್ಯರು ಮುಂಗಡ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಮಧ್ಯವರ್ತಿಗೆ ಹಕ್ಕುಪತ್ರದ ಪ್ರತಿ, ಭೂಮಿಯ ವರ್ಗ, ವಿದ್ಯುತ್ ಒಪ್ಪಿಗೆಯ ಪತ್ರ, ಸೆಬಿ ನೋಂದಣಿ ಈ ನಾಲ್ಕನ್ನು ಕೇಳಿ ಅವರೇ ಪತ್ರ ಬರೆದಿದ್ದು, ಇದನ್ನು ಅಚ್ಚಿಗೆ ಕಳಿಸುವ ತನಕ ಉತ್ತರ ಬಂದಿಲ್ಲ. ಇಂಥದೇ ಪುಸ್ತಿಕೆಗಳು ಬೇರೆ ಸದಸ್ಯರ ಮನೆಗೂ ಬಂದಿದ್ದರೆ ಮೂಲ ಕಾಗದಗಳೊಂದಿಗೆ ಸಂಘದ ಕಚೇರಿಗೆ ಯಾವುದೇ ಶನಿವಾರ ಬೆಳಗ್ಗೆ ಹತ್ತು ಗಂಟೆಯ ನಂತರ ಬರಬಹುದು. ಆ ದಿನ ನಮ್ಮ ಲೆಕ್ಕಪರಿಶೋಧಕರೂ ಇರುತ್ತಾರೆ.